ಕಣ್ಣಿಗೆ ಕಾಣದ ಲೇಪನದ ಬಗ್ಗೆ ಖರೀದಿ ಅಧೀಕ್ಷಕರಿಗೊಂದು ಅರಿಕೆ

ಮಾನ್ಯರೇ,

ಆಸ್ಪತ್ರೆಯ ಖರೀದಿ ವಿಭಾಗದ ಕುರ್ಚಿಯನ್ನು ಹನ್ನೊಂದು ವರ್ಷಗಳಿಂದ ಒಂದು ದಿನವೂ ತಣ್ಣಗಾಗಲು ಬಿಡದ ತಮಗೆ ಮೂರನೇ ಮಹಡಿಯ ಪುರುಷರ ವಾರ್ಡಿನ ಹಿರಿಯ ನರ್ಸ್ ಮಾಡುವ ವಿನಯಪೂರ್ವಕ ನಮಸ್ಕಾರಗಳು. ಈ ಹಿಂದೆ ಬರೆದ ನಾಲ್ಕು ಪತ್ರಗಳು ತಮ್ಮ ಮೇಜಿನ ಮೇಲೆ ಸುಖವಾಗಿ ಮಲಗಿರುವುದರಿಂದ, ಅವುಗಳ ನಿದ್ದೆ ಕೆಡಿಸುವುದು ಬೇಡವೆಂದು ಐದನೆಯದನ್ನು ಸಿಬ್ಬಂದಿಯ ಊಟದ ಕೋಣೆಯ ಗೋಡೆಗೆ ಅಂಟಿಸುತ್ತಿದ್ದೇನೆ.

ನಮ್ಮ ವಾರ್ಡಿನಲ್ಲಿ ಲಾರಿ ಓಡಿಸುತ್ತಿದ್ದ ಒಬ್ಬರಿದ್ದಾರೆ. ಎಲ್ಲರೂ ಡ್ರೈವರಣ್ಣ ಎನ್ನುತ್ತೇವೆ. ಬೆನ್ನುಮೂಳೆಗೆ ಪೆಟ್ಟಾದ ಮೇಲೆ ಅವರಿಗೆ ಮೂತ್ರ ಹೋಗಲು ಕೊಳವೆಯೇ ಗತಿ. ತಾವು ಕೃಪೆಯಿಟ್ಟು ಒದಗಿಸುವ ಸಾದಾ ಕೊಳವೆ ಎಷ್ಟು ಉದಾರಿಯೆಂದರೆ, ಮೂತ್ರದ ಉಪ್ಪು, ಲೋಳೆ, ರೋಗಾಣು, ಯಾರೇ ಬಂದರೂ ಒಳಗೋಡೆಯ ಮೇಲೆ ಮನೆ ಕಟ್ಟಿಕೊಳ್ಳಲು ಜಾಗ ಕೊಟ್ಟು, ನಾಲ್ಕೈದು ದಿನಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಆಗ ಕಿಬ್ಬೊಟ್ಟೆ ಉಬ್ಬಿ ಚಳಿಜ್ವರ ಬರುತ್ತದೆ. ಹಳೆಯದನ್ನು ತೆಗೆದು ಹೊಸದನ್ನು ತೂರಿಸುವಾಗ ಅವರು ಮಂಚದ ಸರಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. "ಸಿಸ್ಟರ್, ಮೂವತ್ತು ವರ್ಷ ಟ್ರಾಫಿಕ್ ಜಾಮಲ್ಲೇ ಬದುಕಿದೋನು ನಾನು. ಹೊಟ್ಟೆಯೊಳಗೂ ಜಾಮ್ ಆಗತ್ತೆ ಅಂತ ಗೊತ್ತಿರ್ಲಿಲ್ಲ" ಎಂದರು ಒಮ್ಮೆ. ಪಕ್ಕದಲ್ಲಿದ್ದ ಅವರ ಮಗಳು ನಗಲಿಲ್ಲ. "ಸುಮ್ನಿರಪ್ಪ" ಎಂದು ಕಿಟಕಿಯ ಕಡೆ ತಿರುಗಿದಳು.

ಕಂಪನಿಯಿಂದ ಮಾದರಿಗೆಂದು ಬಂದ, ಗೋಡೆಗೆ ಲೇಪನ ಬಳಿದ ಹತ್ತು ಕೊಳವೆಗಳಲ್ಲಿ ಒಂದನ್ನು ಡಾಕ್ಟರು ಅವರಿಗೆ ಹಾಕಿದರು. ಒದ್ದೆಯಾದೊಡನೆ ನುಣುಪಾಗುವ ಅದರ ಗೋಡೆಗೆ ಉಪ್ಪು ಅಂಟಲಿಲ್ಲ, ರೋಗಾಣು ಕಾಲೂರಲಿಲ್ಲ. ಇಪ್ಪತ್ತೆರಡು ದಿನ ಜ್ವರದ ಸುಳಿವಿಲ್ಲ. ಉಳಿದ ಒಂಬತ್ತನ್ನು ತಾವು ಪರಿಶೀಲನೆಗೆ ತರಿಸಿಕೊಂಡಿರಿ. ತಮ್ಮ ಪರಿಶೀಲನೆಯನ್ನು ಎಷ್ಟು ಹೊಗಳಿದರೂ ಸಾಲದು: ಎಂಟರ ಪೊಟ್ಟಣ ಹರಿದು, ಬೀಗದ ಕೈಯಿಂದ ಕೆರೆದು, ಬೆಳಕಿಗೆ ಹಿಡಿದು, "ಲೇಪನ ಕಣ್ಣಿಗೆ ಕಾಣುತ್ತಿಲ್ಲವಾದ್ದರಿಂದ ಇದೆಯೆಂದು ಒಪ್ಪಲಾಗದು" ಎಂದು ಕಡತದಲ್ಲಿ ಬರೆದಿರಿ. ಲೇಪನದ ಬಣ್ಣ ತಿಳಿಸುವಂತೆ ನನಗೊಂದು ನಮೂನೆ ಕಳಿಸಿದಿರಿ. ನೀರಿನ ಬಣ್ಣ ಎಂದು ತುಂಬಿದೆ. ನೀರಿಗೆ ಬಣ್ಣವಿಲ್ಲವೆಂಬ ಷರಾದೊಂದಿಗೆ ಅದು ಮರಳಿ ಬಂತು.

ಆದಕಾರಣ, ಕೊಳವೆಯೊಳಗೆ ನೆಲೆಸಕೂಡದೆಂದು ರೋಗಾಣುಗಳಿಗೆ ಒಂದು ಸುತ್ತೋಲೆಯನ್ನೂ ಮೂತ್ರದ ಉಪ್ಪಿಗೆ ಒಂದು ವರ್ಗಾವಣೆ ಆದೇಶವನ್ನೂ ತಾವೇ ಹೊರಡಿಸಬೇಕಾಗಿ ಕೋರುತ್ತೇನೆ. ತಮ್ಮ ಸಹಿಗೆ ಮನುಷ್ಯರೇ ನಡುಗುವಾಗ ಉಪ್ಪು ಯಾವ ಲೆಕ್ಕ?

ಕಳೆದ ಸೋಮವಾರ, ಒಳಗಿಡಬಹುದಾದ ಅವಧಿ ಮುಗಿದ ಲೇಪಿತ ಕೊಳವೆ ತೆಗೆದು ಸಾದಾ ಕೊಳವೆ ಹಾಕಬೇಕಾಯಿತು. ಗುರುವಾರ ಅದು ಕಟ್ಟಿಕೊಂಡಿತು. ಡ್ರೈವರಣ್ಣ ಮಂಚವೇ ಅಲುಗುವಷ್ಟು ನಡುಗುತ್ತಿದ್ದರು; ಮಗಳ ಹೆಸರೇ ನೆನಪಾಗುತ್ತಿರಲಿಲ್ಲ. ನಾನು ತಮ್ಮ ಕಚೇರಿಗೆ ಓಡಿದೆ. ತಾವು ಸಭೆಯಲ್ಲಿದ್ದಿರಿ. ಒಂಬತ್ತನೆಯ ಕೊಳವೆ ಪೊಟ್ಟಣ ಒಡೆಯದೆ ಗಾಜಿನ ಬೀರುವಿನಲ್ಲಿ ಪ್ಲಾಸ್ಟಿಕ್ ಹೂಗಳ ಪಕ್ಕ ಕುಳಿತಿತ್ತು. ತೆಗೆದುಕೊಂಡೆ. ಸಹಿ ಮಾಡಲಿಲ್ಲ, ಯಾರನ್ನೂ ಕೇಳಲಿಲ್ಲ. ಇದಕ್ಕೆ ಕಳ್ಳತನ ಎನ್ನುತ್ತಾರೆಂದು ಬಲ್ಲೆ. ಡಾಕ್ಟರು ಅದನ್ನು ಹಾಕಿದರು, ಔಷಧಿಯೂ ನಡೆಯಿತು, ಶನಿವಾರ ಜ್ವರ ಇಳಿಯಿತು. ಮಗಳನ್ನು ಹೆಸರು ಹಿಡಿದು ಕರೆದರು.

ಶಿಸ್ತುಕ್ರಮದ ದಾರಿ ಕಾಯುತ್ತಾ,

ಎಂದೆಂದಿಗೂ ತಮ್ಮ ವಿಶ್ವಾಸಿಯೂ ಗುರುವಾರದಿಂದೀಚೆಗೆ ಕಳ್ಳಿಯೂ ಆದ
ಹಿರಿಯ ನರ್ಸ್

ಮರೆತಿದ್ದ ಮಾತು: ಕದ್ದ ಮಾಲನ್ನು ವಶಪಡಿಸಿಕೊಳ್ಳಲು ಬರುವಾಗ ಕೈಗವಸು ತನ್ನಿ. ಡ್ರೈವರಣ್ಣ ಹಾಸಿಗೆಯಲ್ಲಿ ಸಿಗುವುದಿಲ್ಲ. ಬೆಳಗ್ಗೆಯಿಂದ ಗಾಲಿಕುರ್ಚಿಯಲ್ಲಿ ಕುಳಿತು, ತಳ್ಳುವ ಮಗಳಿಗೆ "ಎಡಕ್ಕೆ, ಎಡಕ್ಕೆ" ಎನ್ನುತ್ತಾ ಇಡೀ ಮಹಡಿ ಸುತ್ತುತ್ತಿದ್ದಾರೆ. ತಿರುವುಗಳಲ್ಲಿ ಜಾಗ್ರತೆ, ಅವರು ದೊಡ್ಡ ಗಾಡಿಗೂ ದಾರಿ ಬಿಡುವವರಲ್ಲ.