ಹತ್ತು ಸುತ್ತಿಗೆ ಎಷ್ಟು ಅಡಿ?

ನನ್ನ ಬಾಮೈದನಿಗೆ ತಲೆ ಇಲ್ಲ ಎಂದು ನಾನು ಯಾವತ್ತೂ ಹೇಳಿದವನಲ್ಲ. ಇದೆ. ಆದರೆ ಅದು ಥಾಯ್ಲೆಂಡಿನ ಮುಸುಕಿನ ಜೋಳದ ಹೊಲದಲ್ಲಿದೆ. ಉಳಿದ ಭಾಗ ಇಲ್ಲೇ ನ್ಯೂಜೆರ್ಸಿಯ ಎಡಿಸನ್ ಊರಿನಲ್ಲಿ ವಾಸವಾಗಿದೆ!

ಇವನು ನನ್ನ ಹೆಂಡತಿಯ ತಮ್ಮ. ಕೃಷಿ ಎಂಜಿನಿಯರ್, ಈಗ ನಿವೃತ್ತ. ಹಿಂದೆ ಯಾವುದೋ ಯೋಜನೆಯ ಮೇಲೆ ನಾಲ್ಕು ವರ್ಷ ಥಾಯ್ಲೆಂಡಿನಲ್ಲಿದ್ದ. ಅಲ್ಲಿ ಮಾಡಿದ್ದೇನು ಎನ್ನುತ್ತೀರಿ? ಯಾವ ಪುಟ್ಟ ಟ್ರ್ಯಾಕ್ಟರಿಗೆ ಜೋಳ ಬಿತ್ತುವ ಯಾವ ಯಂತ್ರ ಹೊಂದುತ್ತದೆ ಎಂದು ನೋಡುವುದು. ಎರಡು ಸಾಲು ಬಿತ್ತುವುದೋ, ಮೂರೋ, ನಾಲ್ಕೋ? ಯಂತ್ರ ಭಾರವಾದರೆ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದಂತೆ, ಚಕ್ರ ಇದ್ದಲ್ಲೇ ಜಾರುತ್ತದಂತೆ. ಟ್ರ್ಯಾಕ್ಟರು ಜೋರಾಗಿ ಓಡಿದರೆ ಯಂತ್ರ ಅಲ್ಲಲ್ಲಿ ಬೀಜ ಉದುರಿಸುವುದನ್ನೇ ಬಿಡುತ್ತದಂತೆ. ಸರಿಯಪ್ಪ, ಒಪ್ಪಿದೆ. ಇದಕ್ಕೆ ನಾಲ್ಕು ವರ್ಷ ಬೇಕೇ? ನಮ್ಮ ಪುರೋಹಿತರು ಎರಡು ಜಾತಕಗಳನ್ನು ನಾಲ್ಕು ನಿಮಿಷದಲ್ಲಿ ಹೊಂದಿಸಿಕೊಡುತ್ತಾರೆ! ಅಷ್ಟೊಂದು ಟ್ರ್ಯಾಕ್ಟರುಗಳಿಗೆ ಜೋಡಿ ಹುಡುಕಿಕೊಟ್ಟ ಮಹಾನುಭಾವ ತನಗೊಂದು ಜೋಡಿ ಹುಡುಕಿಕೊಳ್ಳಲಿಲ್ಲ ಎನ್ನುವುದು ಬೇರೆ ಮಾತು.

ನಾನಾದರೋ ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವನು. ಆಮೇಲೆ ಮೂವತ್ತು ವರ್ಷ ನ್ಯೂಜೆರ್ಸಿಯ ಒಂದು ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳ ತೂಕ ನೋಡಿದವನು. ಐದಕ್ಕೆ ಏಳುವುದು, ಐದೂ ಮುಕ್ಕಾಲಿಗೆ ನಡಿಗೆ, ಸಂಜೆ ಏಳೂವರೆಗೆ ಊಟ. ಐದು ನಿಮಿಷ ಹೆಚ್ಚುಕಮ್ಮಿಯಾದರೂ ನನಗೆ ಹೊಟ್ಟೆ ಕೆಡುತ್ತದೆ. ಇಂಥವನ ಮನೆಗೆ ಅಂಥವನು ಈ ವಸಂತದಲ್ಲಿ ಸೂಟ್‌ಕೇಸ್ ಸಮೇತ ಬಂದಿಳಿದ.

ಕಾರಣ ಇಷ್ಟೇ. ಏಪ್ರಿಲ್‌ನಲ್ಲಿ ನನ್ನ ಹೆಂಡತಿಯ ಬಲ ಮಂಡಿಯನ್ನು ಬದಲಾಯಿಸಿದರು. ಆರು ವಾರದೊಳಗೆ ಮಂಡಿ ಸರಿಯಾಗಿ ಬಗ್ಗಬೇಕು, ಇಲ್ಲದಿದ್ದರೆ ಮತ್ತೆ ಅರಿವಳಿಕೆ ಕೊಟ್ಟು ಬಗ್ಗಿಸಬೇಕಾಗುತ್ತದೆ ಎಂದರು ಡಾಕ್ಟರು. ಮನೆಗೆ ಬಂದ ದಿನವೇ ಇವಳು ಹೇಳಿದಳು: "ರೀ, ಇನ್ನೊಂದ್ಸಲ ಆ ಮಾಸ್ಕ್ ಹಾಕಿಸ್ಕೊಂಡು ಮಲಗಲ್ಲ ನಾನು. ಕುಂಟ್ಕೊಂಡೇ ಇರ್ತೀನಿ." ನಾಲ್ಕು ಹೆರಿಗೆ ವಾರ್ಡು ನೋಡಿಕೊಂಡ ದಾದಿ ಇವಳು, ಹೆದರುವವಳಲ್ಲ. ಅಂದು ಹೆದರಿದ್ದಳು.

ನಾನು ಕೂಡಲೇ ಅವಳ ನಡಿಗೆ, ವ್ಯಾಯಾಮಗಳ ವೇಳಾಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಬಾಮೈದ ಅದನ್ನು ಕನ್ನಡಕ ಏರಿಸಿ ಓದಿ, "ಭಾವ, ಲೋಡ್ ಜಾಸ್ತಿ ಆಯ್ತು" ಎಂದ.

"ನೀನು ಬಂದಿದ್ದು ಹೆಲ್ಪ್ ಮಾಡಕ್ಕಾ, ಇನ್‌ಸ್ಪೆಕ್ಷನ್‌ಗಾ?"

"ಎರಡೂ ಒಂದೇ ಅಲ್ವಾ ಭಾವ!"

ಇವನ ಸಹಾಯ ಎಂಥದೆಂದು ನನಗೆ ಗೊತ್ತಿತ್ತು. ಜನವರಿಯಲ್ಲಿ ಹಿಮ ಬಿದ್ದಾಗ ಮನೆಯ ಮುಂದಿನ ದಾರಿ ಬಿಡಿಸಲು ಬಂದಿದ್ದನಲ್ಲ! ಹಿಮ ಎಸೆಯುವ ಯಂತ್ರವನ್ನು ಹೊರಗೆ ತಂದವನೇ ಜೇಬಿನಿಂದ ಸೀಮೆಸುಣ್ಣ ತೆಗೆದು ಚಕ್ರಕ್ಕೊಂದು ಗೆರೆ ಎಳೆದ. ಮೊದಲು ಗ್ಯಾರೇಜಿನೊಳಗೆ ಚಕ್ರ ಹತ್ತು ಸುತ್ತು ತಿರುಗುವಷ್ಟು ಓಡಿಸಿ, ಎಷ್ಟು ದೂರ ಹೋಯಿತೆಂದು ಟೇಪು ಹಿಡಿದು ಅಳೆದ. ಆಮೇಲೆ ಹಿಮದೊಳಗೆ ಹತ್ತು ಸುತ್ತು ಓಡಿಸಿ ಮತ್ತೆ ಅಳೆದ. ಎಷ್ಟು ಅಡಿ ಕಡಿಮೆಯಾಯಿತೋ ಅಷ್ಟು ಜಾರಿದೆ ಎಂದು ಲೆಕ್ಕವಂತೆ. "ನೋಡಿ ಭಾವ, ಈ ಮೆಷೀನಿಗೂ ನಿಮ್ಮ ಡ್ರೈವ್‌ವೇಗೂ ಮ್ಯಾಚ್ ಆಗ್ತಿಲ್ಲ" ಎಂದು ಅವನು ಘೋಷಿಸುವ ಹೊತ್ತಿಗೆ, ಪಕ್ಕದ ಮನೆಯ ಎಪ್ಪತ್ತೆಂಟರ ಮುದುಕ ಸಲಿಕೆಯಲ್ಲಿ ತನ್ನ ದಾರಿಯನ್ನೂ ನಮ್ಮದರಲ್ಲಿ ಅರ್ಧವನ್ನೂ ಬಿಡಿಸಿ ಒಳಗೆ ಹೋಗಿ ಕಾಫಿ ಕುಡಿಯುತ್ತಿದ್ದ!

ಈಗ ಬಂದವನು ಬರೀ ತಾನೊಬ್ಬನೇ ಬರಲಿಲ್ಲ. ಥಾಯ್ಲೆಂಡನ್ನೂ ಕರೆತಂದ. ಪೆಚ್ಚಬೂನ್ ಎಂಬ ಕಡೆ ಒಬ್ಬ ರೈತ ಹೆಂಗಸು. ಅಲ್ಲಿ ಮೇ ತಿಂಗಳಲ್ಲಿ ಬಿತ್ತನೆ. ಅವಳಿಗೆ ಬೆಳಗಿನ ಆರೂವರೆ ಎಂದರೆ ನಮಗೆ ಸಂಜೆ ಏಳೂವರೆ. ನಾನು ತಟ್ಟೆಯ ಮುಂದೆ ಕೂರುವುದಕ್ಕೂ ಅವಳ ವಿಡಿಯೋ ಕರೆ ಬರುವುದಕ್ಕೂ ಸರಿಹೋಗುತ್ತಿತ್ತು! ಇವನು ಫೋನನ್ನು ನೇರ ಸಾರಿನ ಪಾತ್ರೆಗೆ ಒರಗಿಸಿಡುತ್ತಿದ್ದ. ಅವಳು "ಅಚಾನ್, ಅಚಾನ್" ಎನ್ನುತ್ತಿದ್ದಳು. ಅಂದರೆ ಗುರುಗಳೇ ಎಂದಂತೆ. ಗುರುಗಳು ಹುಳಿಯನ್ನ ಕಲಸಿದ ಕೈಯಲ್ಲೇ ಪರದೆ ತೀಡುತ್ತಿದ್ದರು.

"ಭಾವ, ನೋಡಿ ನೋಡಿ! ದಿಬ್ಬದಲ್ಲಿ ಟ್ರ್ಯಾಕ್ಟರ್ ಹ್ಯಾಗೆ ಮೂತಿ ಎತ್ತಿದೆ!"

"ಎತ್ತಲಿ. ನೀನು ಫೋನ್ ಎತ್ತು, ನಾನು ಸಾರು ಬಡಿಸ್ಕೋಬೇಕು."

ಅವಳದು ಸಣ್ಣ ಟ್ರ್ಯಾಕ್ಟರು. ಅದಕ್ಕೆ ಕಟ್ಟಿದ್ದು ನಾಲ್ಕು ಸಾಲಿನ ಯಂತ್ರ. ಯಾಕೆ? ಪಕ್ಕದ ಹೊಲದವನು ನಾಲ್ಕು ಸಾಲು ಬಿತ್ತುತ್ತಾನಂತೆ! ಪ್ರಪಂಚದ ಎಲ್ಲ ಕಡೆಯೂ ಪಕ್ಕದ ಮನೆಯವರದು ಇದೇ ಕಾಟ. ಮೂರು ಸಂಜೆ ಚರ್ಚೆಯಾಯಿತು. ಮೂರು ಸಂಜೆಯೂ ನನ್ನ ಸಾರು ಆರಿತು. ಕೊನೆಗೆ ಇವನು ತೀರ್ಪು ಕೊಟ್ಟ: ಒಂದು ಸಾಲು ಕಳಚಿಡಿ, ಉಳಿದ ಮೂರನ್ನು ನಡುವಿಗೆ ಸರಿಸಿ, ಗೇರ್ ಇಳಿಸಿ ನಿಧಾನಕ್ಕೆ ಓಡಿಸಿ.

"ಇಷ್ಟು ಹೇಳಕ್ಕೆ ಮೂರು ದಿನ ಬೇಕಾಯ್ತಾ?" ಎಂದೆ.

"ಹೇಳಕ್ಕೆ ಒಂದು ನಿಮಿಷ ಸಾಕು ಭಾವ. ಅವ್ರು ಒಪ್ಪಕ್ಕೆ ಮೂರು ದಿನ."

ನನ್ನ ಹೆಂಡತಿ ಬಾಯಲ್ಲಿ ಅನ್ನ ಇಟ್ಟುಕೊಂಡೇ ನಕ್ಕಳು. ನಗುವಂಥದು ಏನಿತ್ತೋ ನನಗೆ ತಿಳಿಯಲಿಲ್ಲ.

ಇತ್ತ ನಮ್ಮೂರು ಮಾನ್ಮತ್ ಜಂಕ್ಷನ್ನಿನ ಪಾದಚಾರಿ ದಾರಿಯಲ್ಲಿ ಪ್ರಗತಿ ಕಾಣುತ್ತಿರಲಿಲ್ಲ. ಐದೂ ಮುಕ್ಕಾಲಿಗೆ ನಾನು ಗಡಿಯಾರ ನೋಡುತ್ತಾ ಮುಂದೆ, ಇವಳು ಊರುಗೋಲು ಹಿಡಿದು ಹಿಂದೆ. ಮೂಲೆಯ ಅಂಚೆಪೆಟ್ಟಿಗೆಯವರೆಗೆ ಹೋಗಿ ಬರಲು ಇಪ್ಪತ್ತು ನಿಮಿಷ ಎಂದು ಪಟ್ಟಿಯಲ್ಲಿದೆ. ನಾನು "ಒಂದು, ಎರಡು" ಎನ್ನುತ್ತಿದ್ದೆ. ನಾಲ್ಕು ವಾರ ಕಳೆದರೂ ಮಂಡಿ ಮರದ ಕೊರಡಿನ ಹಾಗೇ ಇತ್ತು. ಐದನೆಯ ವಾರ ಇವಳು "ಇವತ್ತು ಬೇಡ" ಎನ್ನತೊಡಗಿದಳು. "ಮತ್ತೆ ಆಪರೇಷನ್ ಬೇಕೇನು?" ಎಂದು ನಾನು ಗದರಿದೆ. ಗದರಬಾರದಿತ್ತು.

ಶನಿವಾರ ನಾವು ಹೊರಗೆ ಬಂದರೆ ಬಾಮೈದ ದಾರಿಯಲ್ಲಿ ಮಂಡಿಯೂರಿ ಕೂತಿದ್ದಾನೆ, ಕೈಯಲ್ಲಿ ಸೀಮೆಸುಣ್ಣ! ಎದುರುಮನೆಯಾಕೆ ನಾಯಿಯೊಂದಿಗೆ ನಿಂತು ನೋಡುತ್ತಿದ್ದಳು. ಕುಂಟೆಬಿಲ್ಲೆಗೆ ಮನೆ ಬರೆಯುತ್ತಿದ್ದಾನೆ ಎಂದುಕೊಂಡಿರಬೇಕು.

"ಅಕ್ಕ, ಭಾವನ ಹಿಂದೆ ಹತ್ತು ಹೆಜ್ಜೆ ನಡಿ."

"ನನ್ನೇನು ಟ್ರ್ಯಾಕ್ಟರ್ ಅಂದ್ಕೊಂಡ್ಯೇನೋ?" ಎಂದಳು ಇವಳು.

"ನೀನಲ್ಲ ಅಕ್ಕ. ನೀನು ಬೀಜ ಬಿತ್ತೋ ಯಂತ್ರ. ಟ್ರ್ಯಾಕ್ಟರ್ ಮುಂದೆ ಹೋಗ್ತಾ ಇದ್ಯಲ್ಲ!"

ನಡೆದಳು. ಗೆರೆ ಎಳೆದ. ಆಮೇಲೆ ನನ್ನನ್ನು ಮನೆಯ ಮೆಟ್ಟಿಲ ಮೇಲೆ ಕೂರಿಸಿದ, ನನ್ನ ಮನೆಯಲ್ಲಿ ನನ್ನನ್ನೇ! ಅವಳೊಬ್ಬಳೇ ಮತ್ತೆ ಹತ್ತು ಹೆಜ್ಜೆ. ಮತ್ತೊಂದು ಗೆರೆ. ಟೇಪು ಬಿಚ್ಚಿದ.

"ಭಾವ, ನಿಮ್ಮ ಹಿಂದೆ ಹತ್ತು ಹೆಜ್ಜೆಗೆ ಹತ್ತು ಅಡಿ. ಒಬ್ಬಳೇ ನಡೆದ್ರೆ ಹದಿನಾಲ್ಕು."

"ಅಡಿ ಲೆಕ್ಕ ಕಟ್ಕೊಂಡು ನನಗೇನು? ಮಂಡಿ ಬಗ್ಗಬೇಕು."

"ಅದೇ ಹೇಳ್ತಿರೋದು. ನಿಮ್ಮನ್ನ ಹಿಡಿಯೋ ಅವಸರದಲ್ಲಿ ಕಾಲು ಬಗ್ಗಿಸ್ದೆ ಎಳ್ಕೊಂಡು ಕುಪ್ಪಳಿಸ್ತಾಳೆ. ಒಬ್ಬಳೇ ಇದ್ರೆ ಮಂಡಿ ಮಡಚಿ, ಎತ್ತಿ ಇಡ್ತಾಳೆ. ಯಂತ್ರ ಚೆನ್ನಾಗೇ ಇದೆ ಭಾವ."

ನಾನು ಹೆಂಡತಿಯ ಕಡೆ ತಿರುಗಿದೆ. "ನಿಧಾನ ಹೋಗಿ ಅಂತ ನೀನ್ಯಾಕೆ ಹೇಳ್ಲಿಲ್ಲ?"

ಅವಳು ಊರುಗೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಳು. "ನಲವತ್ತಾರು ವರ್ಷದಿಂದ ನಿಮ್ಮ ಬೆನ್ನು ನೋಡ್ಕೊಂಡೇ ನಡೆದಿದೀನಲ್ಲ ರೀ. ಹೀಗೇ ನಡೀಬೇಕೇನೋ ಅಂದ್ಕೊಂಡಿದ್ದೆ."

ಅವಳು ಸಿಟ್ಟಿನಿಂದ ಹೇಳಲಿಲ್ಲ.

ಮರುದಿನ ನಾನು ಒಪ್ಪಿಕೊಂಡೆ ಎಂದಲ್ಲ. ಬಾಮೈದನ ಲೆಕ್ಕ ತಪ್ಪೆಂದು ತೋರಿಸಲೆಂದೇ ಅವಳ ಹಿಂದೆ ನಡೆದೆ. ಅವಳು ಪ್ರತಿ ಮನೆಯ ಮುಂದೆಯೂ ಒಂದು ಕ್ಷಣ ನಿಲ್ಲುತ್ತಾಳೆ, ಅಂಗಳದ ಗಿಡ ನೋಡುತ್ತಾಳೆ, ಮೂರನೆಯ ಮನೆಯ ಬೇಲಿಯ ಎಲೆಯೊಂದನ್ನು ಮುಟ್ಟಿಯೇ ಮುಂದೆ ಹೋಗುತ್ತಾಳೆ. ಮುಂದೆ ನಡೆಯುವವನಿಗೆ ಇದೆಲ್ಲ ಕಾಣುವುದಾದರೂ ಹೇಗೆ? ಅಂಚೆಪೆಟ್ಟಿಗೆ ಮುಟ್ಟಿ ಬರಲು ನಲವತ್ತೊಂದು ನಿಮಿಷ ಹಿಡಿಯಿತು. ಬಲಗಾಲು ಪ್ರತಿ ಹೆಜ್ಜೆಗೂ ಮಡಚಿತು. ನಾನೇ ನೋಡಿದೆ.

ಆರನೆಯ ವಾರ ಡಾಕ್ಟರು ಅಳೆದು ನೋಡಿ, ಮತ್ತೆ ಮಲಗಿಸುವ ಅಗತ್ಯವಿಲ್ಲ ಎಂದರು. ಇವಳು ಅಲ್ಲೇ ಅತ್ತಳು. "ಏನು ವ್ಯಾಯಾಮ ಮಾಡಿಸಿದಿರಿ?" ಎಂದು ಕೇಳಿದರು. ಬಾಮೈದ ಜೇಬಿಗೆ ಕೈ ಹಾಕಿ ಸೀಮೆಸುಣ್ಣ ತೆಗೆಯುವಷ್ಟರಲ್ಲಿ ನಾನು ಅವನನ್ನು ಹೊರಗೆ ಎಳೆದು ತಂದೆ. ಇಲ್ಲದಿದ್ದರೆ ಆ ಡಾಕ್ಟರೂ ಈ ಹೊತ್ತಿಗೆ ಯಾವುದೋ ಚಕ್ರದ ಸುತ್ತು ಎಣಿಸುತ್ತಾ ಕೂತಿರುತ್ತಿದ್ದರು!

ಮಾರನೆಯ ದಿನ ಅವನು ಎಡಿಸನ್‌ಗೆ ಹೊರಟುಹೋದ. ಮನೆ ಮತ್ತೆ ಗಡಿಯಾರದ ಪ್ರಕಾರ ನಡೆಯತೊಡಗಿತು. ಮೂರನೆಯ ಸಂಜೆ ಏಳೂವರೆಗೆ ಸರಿಯಾಗಿ ತಟ್ಟೆಯ ಮುಂದೆ ಕೂತೆ. ಸಾರು ಹೊಗೆಯಾಡುತ್ತಿತ್ತು. ನಾನು ಫೋನ್ ಮಾಡಿದೆ.

"ಏನು ಭಾವ? ಅಕ್ಕ ಹುಷಾರಾಗಿದಾಳಾ?" ಎಂದ, ಗಾಬರಿಯಿಂದ.

"ಅವಳಿಗೇನು, ಚೆನ್ನಾಗಿದಾಳೆ. ಅಲ್ಲಯ್ಯಾ, ಆ ಪೆಚ್ಚಬೂನಿನ ಹೆಂಗಸಿನ ಜೋಳ ಮೊಳಕೆ ಬಂತಾ?"

ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.

"ಬಂತು ಭಾವ. ಎಲ್ಲೂ ಒಂದು ಬೀಜ ತಪ್ಪಿಲ್ಲ. ಫೋಟೋ ಕಳಿಸಿದಾರೆ, ವಿಡಿಯೋ ಹಾಕಿ, ತೋರಿಸ್ತೀನಿ."

ನಾನು ಫೋನನ್ನು ಸಾರಿನ ಪಾತ್ರೆಗೆ ಒರಗಿಸಿಟ್ಟೆ.