ಮೆಟ್ಟಿಲಿನ ಪಾಠಕ್ಕೆ ತಾವು ಕೊಟ್ಟ ಹದಿನೈದು ಅಂಕಗಳ ಬಗ್ಗೆ

ಮಾನ್ಯ ಅಧ್ಯಕ್ಷರು,
ಉನ್ನತ ಶಿಕ್ಷಣ ಗುಣಮಟ್ಟ ಪರಿಶೀಲನಾ ಸಮಿತಿ, ಇವರ ಸನ್ನಿಧಾನಕ್ಕೆ

ಮಾನ್ಯರೇ,

ತಾವೂ ತಮ್ಮ ಸಮಿತಿಯ ಇಬ್ಬರು ಸದಸ್ಯರೂ ನಮ್ಮ ಕಾಲೇಜಿಗೆ ದಯಮಾಡಿಸಿ, ಎರಡು ದಿನ ನಮ್ಮ ಕಡತಗಳ ಮಧ್ಯೆ ಕೂತು, ನಮಗೆ ಅತ್ಯುನ್ನತ ದರ್ಜೆಯನ್ನು ಕರುಣಿಸಿ ಹೋದದ್ದಕ್ಕೆ ಮೊದಲು ನನ್ನ ಕೃತಜ್ಞತೆಗಳನ್ನು ಒಪ್ಪಿಸಬೇಕು. ಕಡತಗಳು ಎಷ್ಟು ಅಚ್ಚುಕಟ್ಟಾಗಿವೆ, ಒಂದರ ಮೇಲೂ ಧೂಳಿಲ್ಲ ಎಂದು ತಾವು ಬೀಳ್ಕೊಡುಗೆ ಸಭೆಯಲ್ಲಿ ಮೆಚ್ಚಿಕೊಂಡಿರಿ. ಅವು ಹಿಂದಿನ ವಾರವಷ್ಟೇ ಹುಟ್ಟಿದ್ದರಿಂದ ಧೂಳು ಕೂರಲು ಸಮಯ ಸಿಕ್ಕಿರಲಿಲ್ಲ.

ನನ್ನ ಅಹವಾಲು ಚಿಕ್ಕದು. ದಯವಿಟ್ಟು ನಮ್ಮ ಕಾಲೇಜಿಗೆ ಕೊಟ್ಟ ಅಂಕಗಳನ್ನು ಇಳಿಸಬೇಕು. ಪೂರ್ತಿ ಇಳಿಸುವುದು ಬೇಡ, ಹದಿನೈದು ಸಾಕು. ಅಂಕ ಹೆಚ್ಚಿಸಿ ಎಂದು ಗೋಗರೆಯುವ ಪತ್ರಗಳನ್ನೇ ಓದಿ ದಣಿದಿರುವ ತಮ್ಮ ಕಚೇರಿಗೆ ಇದು ವಿಚಿತ್ರವಾಗಿ ಕಾಣಬಹುದಾದ್ದರಿಂದ ಹಿನ್ನೆಲೆಯನ್ನು ವಿವರಿಸುತ್ತೇನೆ.

ನಾನು ಇಪ್ಪತ್ತಮೂರು ವರ್ಷಗಳಿಂದ ಇಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ. ನಾಲ್ಕು ಗಂಟೆಗೆ ಸರಿಯಾಗಿ ನಮ್ಮ ಅಟೆಂಡರು ತರಗತಿಗಳಿಗೆಲ್ಲ ಬೀಗ ಜಡಿದು ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಹಾಗಾಗಿ ಎಷ್ಟೋ ವರ್ಷಗಳ ಹಿಂದೆ ಒಬ್ಬ ಹುಡುಗ ಒಂದು ಲೆಕ್ಕ ಹಿಡಿದು ಬಂದಾಗ, ಒಂದನೇ ಮಹಡಿಯಿಂದ ಎರಡನೆಯದಕ್ಕೆ ತಿರುಗುವ ಮೆಟ್ಟಿಲಿನ ಮೇಲೆ, ಕಿಟಕಿಯ ಪಕ್ಕ, ಇಬ್ಬರೂ ಕೂತೆವು. ಮರುದಿನ ಮೂವರು ಬಂದರು. ಆಮೇಲೆ ಅದೊಂದು ಅಭ್ಯಾಸವಾಯಿತು, ಕೆಲವು ದಿನ ಆರು ಜನ, ಕೆಲವು ದಿನ ಹದಿನಾಲ್ಕು. ತರಗತಿಯಲ್ಲಿ ಅರ್ಥವಾಗಲಿಲ್ಲವೆಂದು ಬಾಯಿಬಿಟ್ಟು ಹೇಳಲಾಗದವರು ಅಲ್ಲಿಗೆ ಬರುತ್ತಿದ್ದರು. ಮೆಟ್ಟಿಲಿನ ಮೇಲೆ ಕೂತವರನ್ನು ಯಾಕೆ ಕೂತಿದ್ದೀರೆಂದು ಯಾರೂ ಕೇಳುವುದಿಲ್ಲ, ಗೆಳೆಯರಿಗೆ ಕಾಯುತ್ತಿರಬೇಕು ಎಂದುಕೊಂಡು ದಾಟಿ ಹೋಗುತ್ತಾರೆ. ಆ ಜಾಗದ ಅನುಕೂಲವೆಲ್ಲ ಇದ್ದದ್ದು ಅಷ್ಟರಲ್ಲೇ.

ಅವರಲ್ಲೊಬ್ಬಳು ಅಂತಿಮ ವರ್ಷದ ಹುಡುಗಿ. ತಾಯಿಯಿಲ್ಲದ ಅವಳನ್ನು ಸಾಕಿದ್ದು ಹೊಲಿಗೆ ಅಂಗಡಿ ನಡೆಸುವ ಚಿಕ್ಕಮ್ಮ. ಬೆಳಿಗ್ಗೆ ಕಾಲೇಜು, ಐದರ ನಂತರ ಅಂಗಡಿಯಲ್ಲಿ ಕಾಜಾ ಗುಂಡಿ. ವಕ್ರರೇಖೆಯ ಕೆಳಗಿನ ಜಾಗವನ್ನು ಅಳೆಯುವ ಲೆಕ್ಕ ಅವಳ ತಲೆಗೆ ಏನು ಮಾಡಿದರೂ ಹತ್ತುತ್ತಿರಲಿಲ್ಲ. ಕಳೆದ ವರ್ಷ ಒಂದು ಸಂಜೆ ನಾನು, ಅಂಗಿಯ ತೋಳಿಗೆ ಎಷ್ಟು ಬಟ್ಟೆ ಹೋಗುತ್ತದೆಂದು ನಿನಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಅವಳು ಸೀಮೆಸುಣ್ಣ ತೆಗೆದುಕೊಂಡು ಮೆಟ್ಟಿಲಿನ ಮೇಲೆಯೇ ತೋಳಿನ ಬಾಗು ಬರೆದಳು, ಅದನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳುತ್ತಾ ಹೋದಳು, ನಡುವೆ ಕೈ ನಿಲ್ಲಿಸಿ ಅದನ್ನೇ ನೋಡಿದಳು.

"ಇಷ್ಟೇನಾ ಮೇಡಂ?" ಎಂದಳು.

ನನ್ನ ಇಡೀ ಸೇವಾವಧಿಯಲ್ಲಿ ನನಗೆ ಬಂದ ಅತ್ಯುತ್ತಮ ಅಭಿಪ್ರಾಯ ಅದು. ತಮ್ಮ ವಿದ್ಯಾರ್ಥಿ ಅಭಿಪ್ರಾಯದ ನಮೂನೆಯಲ್ಲಿ ಒಂದರಿಂದ ಐದರವರೆಗಿನ ಚೌಕಗಳಿವೆಯಲ್ಲ, ಇದನ್ನು ಯಾವುದರಲ್ಲಿ ಗುರುತಿಸಬೇಕೆಂದು ನನಗೆ ಇನ್ನೂ ತಿಳಿದಿಲ್ಲ. ಆ ವರ್ಷ 'ನಿಧಾನ ಕಲಿಕೆಯವರಿಗೆ ವೈಯಕ್ತಿಕ ನೆರವು' ಎಂಬ ಅಂಶದಲ್ಲಿ ನಮ್ಮ ಕಾಲೇಜಿಗೆ ಬಂದದ್ದು ಸೊನ್ನೆ, ಏಕೆಂದರೆ ಪುರಾವೆ ಇರಲಿಲ್ಲ.

ಈ ವರ್ಷ ಹಾಗಾಗದಂತೆ ನಮ್ಮ ಗುಣಮಟ್ಟ ಕೋಶದ ಸಂಚಾಲಕರು ಮುತುವರ್ಜಿ ವಹಿಸಿದರು. ಅವರನ್ನು ನಾವೆಲ್ಲ ಪುರಾವೆ ಮೇಷ್ಟ್ರು ಎಂದೇ ಕರೆಯುತ್ತೇವೆ. ಒಳ್ಳೆಯ ಮನುಷ್ಯ, ಒಂದು ಕಾಲಕ್ಕೆ ಭೌತಶಾಸ್ತ್ರವನ್ನು ಸೊಗಸಾಗಿ ಹೇಳಿಕೊಡುತ್ತಿದ್ದರು, ಈಗ ತಮ್ಮ ನಮೂನೆಗಳನ್ನು ತುಂಬಿಯೇ ತಲೆ ನರೆತಿದೆ. ಅವರು ಹನ್ನೊಂದು ಅಂಕಣಗಳ ಹೊಸ ರಿಜಿಸ್ಟರ್ ಒಂದನ್ನು ನನ್ನ ಕೈಗಿತ್ತು, ಪಾರದರ್ಶಕತೆಯ ದೃಷ್ಟಿಯಿಂದ ನಿಧಾನ ಕಲಿಕೆಯವರ ಪಟ್ಟಿಯನ್ನು ಪ್ರಾಂಶುಪಾಲರ ಮೊಹರಿನೊಂದಿಗೆ ಸೂಚನಾ ಫಲಕದಲ್ಲಿ ಹಾಕಬೇಕೆಂದರು. ನಾನು ಹಾಕಿದೆ. ಹದಿಮೂರು ಹೆಸರುಗಳನ್ನು ನನ್ನ ಕೈಯಾರೆ, ದುಂಡಗೆ, ಅಕಾರಾದಿಯಲ್ಲಿ ಬರೆದೆ, ಮತ್ತು ಆ ಹುಡುಗಿಯ ಹೆಸರು ಮೊದಲನೆಯದಾಗಿ ಬಂತು. ಈ ಪತ್ರದಲ್ಲಿ ತಮ್ಮ ಮೇಲೆ ಹೊರಿಸುವ ದೂರುಗಳೇನೇ ಇರಲಿ, ಇದೊಂದು ತಪ್ಪು ನನ್ನದು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಮೆಟ್ಟಿಲು ಖಾಲಿಯಿತ್ತು. ಮೂರನೆಯ ದಿನ ಒಬ್ಬ ಬಂದು, ನನ್ನ ಮಡಿಲಲ್ಲಿದ್ದ ರಿಜಿಸ್ಟರನ್ನು ನೋಡಿ, ಬಸ್ಸಿಗೆ ಹೊತ್ತಾಯಿತು ಎಂದು ಇಳಿದುಹೋದ. ಅದೇ ವಾರ ಹುಡುಗಿಯ ಚಿಕ್ಕಮ್ಮ ಯಾವುದೋ ಅರ್ಜಿಗೆ ಸಹಿ ಮಾಡಲು ಬಂದವರು ಫಲಕದ ಮುಂದೆ ನಿಂತು ಓದಿದರು. ನಾನು ಬಳಿಗೆ ಹೋಗಿ, ಇದರ ಅರ್ಥ ಹಾಗಲ್ಲ, ಇವಳು ನನ್ನ ಜಾಣ ವಿದ್ಯಾರ್ಥಿಗಳಲ್ಲಿ ಒಬ್ಬಳು ಎಂದು ತಿಳಿಸಿ ಹೇಳಿದೆ.

"ದಡ್ಡಿ ಅಂತ ಕಾಲೇಜೇ ಸೀಲ್ ಹೊಡೆದು ಹಾಕಿದೆಯಲ್ಲಮ್ಮ," ಎಂದರು ಅವರು ಮೆಲ್ಲಗೆ. "ನಿಮ್ಮ ಬಾಯಿಮಾತು ನಂಬಲೋ, ಸೀಲ್ ನಂಬಲೋ?"

ಅಂದಿನಿಂದ ಹುಡುಗಿ ಇಡೀ ದಿನ ಅಂಗಡಿಯಲ್ಲೇ ಕೂತಳು. ಪೋಷಕರ ಸಹಿಯೊಂದಿಗೆ ಪರೀಕ್ಷಾ ಅರ್ಜಿ ತುಂಬಲು ಈ ತಿಂಗಳ ಕೊನೆಯೇ ಗಡುವು.

ಆದರೆ ಮಾನ್ಯರೇ, ತಾವು ಬರುವ ಹೊತ್ತಿಗೆ ರಿಜಿಸ್ಟರ್ ಖಾಲಿಯಿರಲು ಸಾಧ್ಯವೇ? ಹಾಜರಿಯ ಅಂಕಣದಲ್ಲಿ ನಾನು ಪ್ರಾಮಾಣಿಕವಾಗಿ ಬರೆದ ಸೊನ್ನೆಗಳನ್ನು ನೋಡಿ, ಸೊನ್ನೆ ಪುರಾವೆಯಾಗುವುದಿಲ್ಲ ಎಂದು ಪುರಾವೆ ಮೇಷ್ಟ್ರು ವಿವರಿಸಿ, ಹೊಸ ಪುಟಗಳನ್ನು ಸ್ವತಃ ತುಂಬಿದರು. ಫೋಟೋಕ್ಕೆ ನಿಧಾನ ಕಲಿಕೆಯವರು ಸಿಗದ ಕಾರಣ, ಬಿಡುವಾಗಿದ್ದ ಮತ್ತು ಹೇಳಿದ ಮಾತು ಕೇಳುವ ಮಕ್ಕಳನ್ನು, ಅಂದರೆ ತರಗತಿಯ ಮೊದಲ ಒಂಬತ್ತು ಸ್ಥಾನದವರನ್ನು, ಮೆಟ್ಟಿಲಿನ ಮೇಲೆ ಕೂರಿಸಿ, ಸ್ವಲ್ಪ ಅರ್ಥವಾಗದವರ ಹಾಗೆ ನೋಡಿ ಎಂದು ಹೇಳಲಾಯಿತು. ತಮ್ಮ ವರದಿಯ ನಲವತ್ತಾರನೇ ಪುಟದಲ್ಲಿ ತಲೆ ಕೆರೆದುಕೊಳ್ಳುತ್ತಿರುವವಳು ಕಳೆದ ವರ್ಷ ಗಣಿತದಲ್ಲಿ ನೂರಕ್ಕೆ ನೂರು ತೆಗೆದವಳು. ಅವಳ ಮುಖದಲ್ಲಿ 'ಕ್ರಮೇಣ ಮೂಡುತ್ತಿರುವ ಆತ್ಮವಿಶ್ವಾಸ'ವನ್ನು ತಾವು ಗುರುತಿಸಿದ್ದು ತಮ್ಮ ಅನುಭವದ ಆಳಕ್ಕೆ ಸಾಕ್ಷಿ.

ಹೀಗೆ ಮೆಟ್ಟಿಲು ತುಂಬಿದ್ದಾಗ ಸೊನ್ನೆಯೂ ಖಾಲಿಯಾದಾಗ ಹದಿನೈದಕ್ಕೆ ಹದಿನೈದೂ ಬಂದವು. ಗಣಿತದವಳಾಗಿ ನಾನು ಇದನ್ನು ವಿಲೋಮ ಅನುಪಾತದ ಉದಾಹರಣೆಯಾಗಿ ತರಗತಿಯಲ್ಲಿ ಬಳಸುತ್ತಿದ್ದೇನೆ, ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತದೆ. ತಮ್ಮ ಶಿಫಾರಸಿನಂತೆ ಈಗ ಆ ಮೆಟ್ಟಿಲಿಗೆ ಗ್ರಾನೈಟ್ ಹಾಸಿ, 'ಮೆಟ್ಟಿಲು ಕಲಿಕಾ ಕೇಂದ್ರ' ಎಂಬ ಫಲಕ ತೂಗುಹಾಕಲಾಗಿದೆ. ಗ್ರಾನೈಟಿಗೆ ಕಲೆಯಾಗುತ್ತದೆಂದು ಅದರ ಕೆಳಗೇ 'ಇಲ್ಲಿ ಕೂರಬಾರದು' ಎಂಬ ಇನ್ನೊಂದು ಫಲಕವೂ ಇದೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟು. ಹದಿನೈದು ಅಂಕಗಳನ್ನು ವಾಪಸು ಪಡೆಯಬೇಕು. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲದಿದ್ದರೆ ರಿಜಿಸ್ಟರಿಗೆ ಹನ್ನೆರಡನೆಯ ಅಂಕಣವೊಂದನ್ನು ಸೇರಿಸಿ, 'ಈ ರಿಜಿಸ್ಟರ್ ತೆರೆದ ಮೇಲೆ ಬರುವುದನ್ನು ಬಿಟ್ಟವರು' ಎಂದು ಶೀರ್ಷಿಕೆ ಕೊಡಬೇಕು. ಮುಂದಿನ ಸಲ ತಮ್ಮಲ್ಲೊಬ್ಬರು ಮುಂಚಿತವಾಗಿ ತಿಳಿಸದೆ ನಾಲ್ಕು ಗಂಟೆಗೆ ಬಂದು, ಏನನ್ನೂ ಕೇಳದೆ, ಯಾವುದಾದರೂ ಮೆಟ್ಟಿಲಿನ ಮೇಲೆ ಒಂದು ತಾಸು ಕೂರಬೇಕು. ತಮ್ಮ ಸದಸ್ಯರೊಬ್ಬರು ಬೂಟಿನ ಲೇಸು ಕಟ್ಟಲು ಅಲ್ಲಿ ಅರೆ ನಿಮಿಷ ಕೂತಿದ್ದರು, ಈ ಅವಧಿಯ ಏಕೈಕ ನಿಜವಾದ ಹಾಜರಿ ಅವರದೇ.

ಕೊನೆಯದಾಗಿ, ಆ ಚಿಕ್ಕಮ್ಮನಿಗೆ ಎರಡು ಸಾಲು ಬರೆದು ಕಳಿಸಬೇಕು. ಹುಡುಗಿ ದಡ್ಡಿಯಲ್ಲ, ದಡ್ಡತನ ನಮ್ಮದು ಎಂದಷ್ಟೇ ಇದ್ದರೆ ಸಾಕು. ಆದರೆ ಅದರ ಮೇಲೆ ತಮ್ಮ ಮೊಹರು ಬೇಕು, ಆಕೆ ನಂಬುವುದು ಅದೊಂದನ್ನೇ.

ಇಂತು,
ಪುರಾವೆ ಲಗತ್ತಿಸಲು ಅಶಕ್ತಳಾದ ತಮ್ಮ ವಿಶ್ವಾಸಿ,
ಗಣಿತದ ಮೇಡಂ

ತಾಜಾ ಕಲಂ: ಈ ಪತ್ರ ಬರೆದಿಟ್ಟು ಅಂಚೆಗೆ ಹಾಕುವಷ್ಟರಲ್ಲಿ ಎರಡು ವಾರ ಕಳೆದವು. ಮೊಹರಿನ ಕಾಗದ ಈಗ ಬೇಕಿಲ್ಲ. ನಾನು ದಿನ ಬಿಟ್ಟು ದಿನ ನಾಲ್ಕು ಗಂಟೆಗೆ ಒಂದೊಂದು ಹರಿದ ಬಟ್ಟೆ ಹಿಡಿದು ಅಂಗಡಿಗೆ ಹೋಗಿ, ಅದು ರಿಪೇರಿಯಾಗುವವರೆಗೆ ಹುಡುಗಿಯ ಜೊತೆ ಕತ್ತರಿ ಮೇಜಿನ ಮೇಲೆ ಲೆಕ್ಕ ಮಾಡುತ್ತಿದ್ದೇನೆ. ಕಳೆದ ವಾರ ಪಟ್ಟಿಯಲ್ಲಿದ್ದ ಇನ್ನೂ ನಾಲ್ವರು ಹರಿದ ಅಂಗಿಗಳೊಂದಿಗೆ ಬಂದರು, ಬೇಕೆಂದೇ ಹರಿದುಕೊಂಡು ಬಂದರೆಂದು ನನ್ನ ಗುಮಾನಿ. ನಿನ್ನೆ ಚಿಕ್ಕಮ್ಮ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ಆ ಪರೀಕ್ಷೆ ಫಾರಂ ತಂದಿದ್ರೆ ಕೊಡಿ, ಸೈನ್ ಮಾಡ್ತೀನಿ," ಎಂದರು. ನಾನು ಅದನ್ನು ಎರಡು ವಾರಗಳಿಂದ ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ. ಅಂಗಡಿಯ ವಿಳಾಸವನ್ನು ತಮಗೆ ತಿಳಿಸುತ್ತಿಲ್ಲ, ಕ್ಷಮೆಯಿರಲಿ. ಅಲ್ಲಿ ಪಾಠ ಚೆನ್ನಾಗಿ ನಡೆಯುತ್ತಿದೆ.