ಬ್ಯಾಟರಿ ಇರುವವರೆಗೆ ಅಕ್ಕನ ಕೈ ಖಾಲಿ

ನಡೆಯಲು ಬಾರದವನು ಮನೆಯಿಂದ ಹೊರಬಿದ್ದರೆ ಸಾಕು, ದಾರಿಯಲ್ಲಿ ಸಿಕ್ಕವರೆಲ್ಲ ಒಂದೊಂದು ಕಾನೂನು ಕಂಡುಹಿಡಿಯುತ್ತಾರೆ. ಸ್ಟೇಷನ್ನಿನಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ನನಗೆ ಇದು ಆಗುತ್ತಲೇ ಇರುತ್ತದೆ. ಹೆಚ್ಚಿನ ಸಲ ಜಗಳವಾಗುತ್ತದೆ. ಕೆಲವು ಸಲ ಜಗಳ ಮುಗಿದ ಮೇಲೆ ನಗು ಬರುತ್ತದೆ. ಹಾಗೆ ನಗು ಬಂದ ಒಂದು ದಿನದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ. ನಿಮ್ಮನ್ನು ರಂಜಿಸಬೇಕೆಂಬ ಉದ್ದೇಶ ನನಗಿಲ್ಲ. ನಡೆದದ್ದೇ ಹಾಗೆ.

ಮೊದಲು ನನ್ನ ವಿಷಯ. ಪೋಲಿಯೊದಲ್ಲಿ ಎರಡೂ ಕಾಲಿನ ಶಕ್ತಿ ಹೋಯಿತು. ಧಾರಾವಿಯಲ್ಲಿ ಚರ್ಮದ ಚೀಲ ಹೊಲಿಯುತ್ತೇನೆ. ಶಾಲೆಗೆ ಹೋದವನಲ್ಲ, ಅಪ್ಪನ ರದ್ದಿ ಗೋದಾಮಿನಲ್ಲಿ ಬಿದ್ದಿದ್ದ ಪೇಪರು ಓದಿ ಅಕ್ಷರ ಕಲಿತೆ. ಉಳಿದ ಹೊತ್ತಿನಲ್ಲಿ, ಮೆಟ್ಟಿಲಿರುವ ಕಡೆಯೆಲ್ಲ ರ‍್ಯಾಂಪ್ ಕೇಳುತ್ತೇನೆ. ಕೊಡದಿದ್ದರೆ ಬಾಗಿಲಿಗೆ ಅಡ್ಡ ಕೂರುತ್ತೇನೆ.

ನಮ್ಮದು ವಿಜಯಪುರದ ಕಡೆಯ ಮನೆತನ. ಸಣ್ಣವನಿದ್ದಾಗ ನನ್ನನ್ನು ಕಂಕುಳಲ್ಲಿ ಹೊತ್ತವಳು, ದೊಡ್ಡವನಾದ ಮೇಲೆ ಗಾಲಿಕುರ್ಚಿಯಲ್ಲಿ ನೂಕಿದವಳು ನನ್ನ ಅಕ್ಕ. ಕಳೆದ ವರ್ಷ ಬ್ಯಾಟರಿ ಸ್ಕೂಟರ್ ಬಂತು. ರಸ್ತೆಯ ಮೇಲೆ ಓಡುವ ಸ್ಕೂಟರ್ ಅಲ್ಲ ಇದು. ನಾಲ್ಕು ಸಣ್ಣ ಗಾಲಿಯ ಮೇಲೊಂದು ಕುರ್ಚಿ, ಮುಂದೆ ಹಿಡಿಕೆ, ಕುರ್ಚಿಯ ಕೆಳಗೆ ಬ್ಯಾಟರಿ. ಹಿಡಿಕೆಯ ಮೇಲೆ ಸಾಲಾಗಿ ಹಸಿರು, ಹಳದಿ, ಕೆಂಪು ದೀಪ. ಹಸಿರು ಇರುವವರೆಗೆ ನಾನು ಸ್ವತಂತ್ರ ಭಾರತದ ಪ್ರಜೆ. ಕೆಂಪು ಬಂದರೆ ಮತ್ತೆ ಅಕ್ಕನ ತಮ್ಮ.

ನಮ್ಮ ಚಾಳಿನ, ಅಂದರೆ ವಠಾರದ, ಕನ್ನಡ ಮಹಿಳಾ ಮಂಡಳಿಯವರು ಉಪನಗರದಾಚೆ, ಗುಡ್ಡದ ಬುಡದಲ್ಲಿರುವ ಒಂದು ಥೀಮ್ ಪಾರ್ಕಿಗೆ ಹೊರಟರು, ಅಕ್ಕನೂ ನಾನೂ ಜೊತೆಗೆ ಹೊರಟೆವು. ಅಲ್ಲೊಂದು ದೊಡ್ಡ ಚಕ್ರವಿದೆ, ತೂಗುವ ಪೆಟ್ಟಿಗೆಗಳಲ್ಲಿ ಜನರನ್ನು ಕೂರಿಸಿ ಮೇಲಕ್ಕೆ ಒಯ್ಯುತ್ತದೆ. ಮೊಬೈಲಿನಲ್ಲಿ ಅದರ ಫೋಟೊ ನೋಡಿ ಅಕ್ಕ, "ಅಷ್ಟ ಮ್ಯಾಲ ಹೋದ್ರ ಏನೇನ ಕಾಣತೈತೋ ಏನೋ" ಎಂದಿದ್ದಳು. ಅಂಥದ್ದನ್ನು ಅವಳು ಈ ವಯಸ್ಸಿನ ತನಕ ಹತ್ತಿಲ್ಲ. ಕೆಳಗೆ ನನ್ನ ಕುರ್ಚಿ ಹಿಡಿದು ನಿಲ್ಲುವವರು ಬೇಕಲ್ಲ.

ಚಕ್ರ ಇರುವುದು ಪಾರ್ಕಿನ ಕೊನೆಯಲ್ಲಿ, ಏರಿನ ಮೇಲೆ. ಅಲ್ಲಿಯವರೆಗೆ ಬ್ಯಾಟರಿ ಬಂದರೆ ಅಕ್ಕ ಹತ್ತುತ್ತಾಳೆ. ಬರದಿದ್ದರೆ ನನ್ನನ್ನು ನೂಕುತ್ತ ಕೆಳಗೇ ಉಳಿಯುತ್ತಾಳೆ. ಇಷ್ಟೇ ಲೆಕ್ಕ.

೧. ಮಗು

ಗೇಟಿನಲ್ಲಿ ಸೆಕ್ಯುರಿಟಿಯವನು ಕೈ ಅಡ್ಡ ಹಿಡಿದ. ಪಾರ್ಕಿನವರ ಜೊತೆ ಮಾತೆಲ್ಲ ಹಿಂದಿಯಲ್ಲೇ ಆಯಿತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹೊರಗಿನ ಗಾಡಿ ಒಳಗೆ ಬಿಡೋದಿಲ್ಲ ಅಂಕಲ್. ಪಾರ್ಕಿಂಗ್‌ನಲ್ಲಿ ಹಾಕಿ."

"ನಾನು?"

"ನೀವು ನಡ್ಕೊಂಡು ಹೋಗಿ."

"ನಡೆಯೋಕೆ ಬಂದಿದ್ದರೆ ಇದರ ಮೇಲೆ ಯಾಕೆ ಕೂರ್ತಿದ್ದೆ?"

ಅವನು ಈ ಪ್ರಶ್ನೆಯನ್ನು ತನ್ನ ಮೇಲಿನವನಿಗೆ ಒಪ್ಪಿಸಿದ. ಮೇಲಿನವನು ಟೈ ಕಟ್ಟಿಕೊಂಡು ಬಂದ. ಸ್ಕೂಟರಿಗೆ ಒಂದು ಸುತ್ತು ಹಾಕಿ, ನಂಬರ್ ಪ್ಲೇಟ್ ಎಲ್ಲಿ ಎಂದು ಕೇಳಿದ. ಇದು ಗಾಡಿ ಅಲ್ಲ, ನನ್ನ ಕಾಲು, ಯಾರ ಕಾಲಿಗೂ ನಂಬರ್ ಪ್ಲೇಟ್ ಇರುವುದಿಲ್ಲ ಎಂದೆ. ಅಂಗವಿಕಲರ ಹಕ್ಕಿನ ಕಾನೂನು ಹೇಳಿದೆ. ನನ್ನ ದನಿ ಏರಿತು. ಹಿಂದೆ ಸಾಲು ಬೆಳೆಯಿತು.

ಟೈ ಕಟ್ಟಿದವನಿಗೆ ನನ್ನ ಮೇಲೆ ದ್ವೇಷವಿರಲಿಲ್ಲ. ಅವನ ಕಷ್ಟವೇ ಬೇರೆ. "ನೋಡಿ ಸರ್, ನಮ್ಮ ಕಂಪ್ಯೂಟರಿನಲ್ಲಿ ಒಳಗೆ ಹೋಗೋದಕ್ಕೆ ಎರಡೇ ಇದೆ. ದೊಡ್ಡವರು, ಇಲ್ಲಾ ಮಕ್ಕಳು. ಇದನ್ನು ಏನಂತ ಹಾಕಲಿ?"

ಗೇಟಿನ ಪಕ್ಕ ಮಕ್ಕಳ ಎತ್ತರ ಅಳೆಯುವ ಕಂಬವಿತ್ತು, ಅದರ ಮೇಲೊಂದು ಜಿರಾಫೆಯ ಚಿತ್ರ. ಅವನು ಸ್ಕೂಟರನ್ನು ಅದರ ಪಕ್ಕಕ್ಕೆ ತರಿಸಿದ. ಹಿಡಿಕೆಯ ತುದಿ ಜಿರಾಫೆಯ ಮೊಣಕಾಲಿಗೂ ಬರಲಿಲ್ಲ. ಅವನ ಮುಖ ಅರಳಿತು. ಸ್ಕೂಟರಿನ ಹಿಡಿಕೆಗೆ ಮಕ್ಕಳಿಗೆ ಕಟ್ಟುವ ಹಳದಿ ಪಟ್ಟಿ ಕಟ್ಟಿ ಗೇಟು ತೆಗೆದ.

ಒಳಗೆ ಹೋಗುವಾಗ ಸೆಕ್ಯುರಿಟಿಯವನು ನನ್ನನ್ನು ಎಚ್ಚರಿಸಿದ: "ಅಂಕಲ್, ಮಗುವನ್ನು ಒಂದನ್ನೇ ಬಿಟ್ಟು ಎಲ್ಲೂ ಹೋಗಬೇಡಿ."

೨. ಹೊರೆ

ಪಾರ್ಕಿಗೆ ಹೊರಗಿನ ತಿಂಡಿ ಒಯ್ಯುವಂತಿಲ್ಲ. ನಮ್ಮ ಕಡೆಯ ಹೆಂಗಸರು ರೊಟ್ಟಿ ಬುತ್ತಿ ಇಲ್ಲದೆ ದಾದರ್ ಸ್ಟೇಷನ್ನಿಗೂ ಹೋಗುವವರಲ್ಲ. ಚೀಲ ತಪಾಸಣೆ ಎಲ್ಲರಿಗೂ ಇತ್ತು, ನನಗೆ ಮಾತ್ರ ಇರಲಿಲ್ಲ. ಇದನ್ನು ಮಂಡಳಿಯವರು ನನಗಿಂತ ಮೊದಲೇ ಗಮನಿಸಿದ್ದರು. ನಡೆಯಲಾರದವನ ಕುರ್ಚಿಯ ಕೆಳಗೆ ಕೈ ಹಾಕಿ ಹುಡುಕಲು ಸೆಕ್ಯುರಿಟಿಯವರಿಗೆ ನಾಚಿಕೆ. ನಮಗೆ ಹಕ್ಕು ಕೊಡುವಾಗ ಇಲ್ಲದ ನಾಚಿಕೆ ಇಂಥ ಹೊತ್ತಿನಲ್ಲಿ ಎಲ್ಲಿಂದ ಬರುತ್ತದೋ ಗೊತ್ತಿಲ್ಲ.

ತಪಾಸಣೆ ದಾಟಿದಾಗ ನನ್ನ ಬುಟ್ಟಿಯಲ್ಲಿ ಜೋಳದ ರೊಟ್ಟಿಯ ಗಂಟು, ಕಾಲ ಸಂದಿಯಲ್ಲಿ ಮೊಸರಿನ ಡಬ್ಬಿ, ಬೆನ್ನ ಹಿಂದೆ ಶೇಂಗಾ ಚಟ್ನಿ, ಸೀಟಿನ ಎರಡೂ ಬದಿ ತೂಗುವ ಚೀಲಗಳಿದ್ದವು. ಮಂಡಳಿಯ ಅಧ್ಯಕ್ಷೆ ಕೊನೆಗೆ ಒಂದು ಸ್ಟೀಲಿನ ಪಾತ್ರೆ ತಂದು ನನ್ನ ತೊಡೆಯ ಮೇಲಿಟ್ಟರು.

"ಇದೇನ್ರಿ?"

"ಎಣಗಾಯಿ ಅಣ್ಣಾರ. ಅಲುಗಾಡಬ್ಯಾಡ್ರಿ, ಎಣ್ಣಿ ಸೋರತೈತಿ."

ಕಾರಂಜಿ ದಾಟುವಷ್ಟರಲ್ಲಿ ಒಂದು ಹಸಿರು ದೀಪ ಆರಿತು. ವೇಗದ ಗುಂಡಿಯ ಒಂದು ಕಡೆ ಮೊಲದ ಚಿತ್ರ, ಇನ್ನೊಂದು ಕಡೆ ಆಮೆಯ ಚಿತ್ರವಿದೆ. ಆಮೆಯ ಕಡೆ ತಿರುಗಿಸಿದೆ. ಸ್ವಲ್ಪ ದೂರದಲ್ಲಿ ಇನ್ನೊಂದು ದೀಪ ಆರಿತು. ನಾನು ನಿಲ್ಲಿಸಿ ಭಾಷಣ ಮಾಡಿದೆ. ಈ ಭಾರ ಹೊತ್ತರೆ ಬ್ಯಾಟರಿ ಏರು ಹತ್ತುವುದಿಲ್ಲ, ಆದ್ದರಿಂದ ಭಾರ ಈಗಲೇ ಇಳಿಯಬೇಕು ಎಂದೆ. ಚೀಲಗಳನ್ನು ತಾವೇ ಹೊರಬಹುದು ಎಂದು ಅವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಊಟದ ಹೊತ್ತು ಇನ್ನೂ ದೂರವಿತ್ತು, ಆದರೂ ಮರದ ಕೆಳಗೆ ಪಂಕ್ತಿ ಹಾಕಿ ಎಲ್ಲವನ್ನೂ ಉಂಡು ಮುಗಿಸಿದರು. ಪಾರ್ಕಿನಲ್ಲಿ ಬ್ಯಾಟರಿ ಉಳಿಸಲು ಊಟ ಮಾಡಿದವರು ಅವರೇ ಮೊದಲಿಗರು ಇರಬೇಕು.

ಪಾತ್ರೆ ಖಾಲಿಯಾಯಿತು. ನಾನು ಸಮಾಧಾನದಿಂದ ಸ್ಕೂಟರ್ ಚಾಲೂ ಮಾಡಿದೆ. ಅಧ್ಯಕ್ಷೆ ಸೊಂಟಕ್ಕೆ ಕೈ ಕೊಟ್ಟು ಎದ್ದು ನಿಂತರು.

"ಅಣ್ಣಾರ, ಹೊಟ್ಟಿ ಭಾಳ ಭಾರ ಆಗೇತಿ. ಹಿಂದ ಒಂದ ಚೂರ ಕುಂದ್ರಲೇನ್ರಿ?"

೩. ಕೈ

ಅಕ್ಕನಿಂದ ಇನ್ನೊಂದು ತೊಂದರೆ. ಸ್ಕೂಟರ್ ತಾನೇ ಓಡುತ್ತದೆ ಎಂದು ಅವಳಿಗೆ ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ಹಿಂದಿನಿಂದ ಸೀಟು ಹಿಡಿದುಕೊಂಡೇ ನಡೆಯುತ್ತಾಳೆ. ಇಳುಕಲಿನಲ್ಲಿ ನಾನು ಜಾರಿ ಹೋದೇನೆಂದು ಹಿಂದಕ್ಕೆ ಜಗ್ಗುತ್ತಾಳೆ. ಮೋಟಾರು ಮುಂದಕ್ಕೆ, ಅಕ್ಕ ಹಿಂದಕ್ಕೆ. ಬ್ಯಾಟರಿಗೆ ಇಬ್ಬರ ಖರ್ಚು.

"ಯಕ್ಕಾ, ಕೈ ಬಿಡು."

"ಬಿಟ್ಟೀನಿ."

"ಬಿಟ್ಟಿಲ್ಲ. ಮೋಟಾರ್ ನರಳಾಕತ್ತೈತಿ."

ಬಿಟ್ಟಳು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದೆ. ಕೈ ಎಲ್ಲಿಡಬೇಕೆಂದು ತಿಳಿಯದೆ, ಸೆರಗು ಹಿಡಿದು, ಬಿಟ್ಟು, ಬೆನ್ನ ಹಿಂದೆ ಕಟ್ಟಿ, ಮತ್ತೆ ಬಿಟ್ಟು ಬರುತ್ತಿದ್ದಳು. ನೋಡಲಾಗಲಿಲ್ಲ. ಒಬ್ಬ ಹೆಂಗಸಿನ ಕೈಗೆ ನಾನು ಇಂಥ ಗತಿ ತಂದಿದ್ದೇನಲ್ಲ ಎಂದು ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ರ‍್ಯಾಂಪ್ ಇಲ್ಲದ ಈ ಊರಿನ ಮೇಲೆ ಅಂದುಕೊಳ್ಳಿ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಹೆಜ್ಜೆ ಸಪ್ಪಳ ನೆಟ್ಟಗಾಯಿತು, ಅಕ್ಕ ಹಾಯಾಗಿ ನಡೆಯುತ್ತಿದ್ದಾಳೆ ಎನಿಸಿತು. ಅಂತೂ ಕಲಿತಳು ಎಂದು ತಿರುಗಿದೆ. ಯಾರದೋ ಕೂಸು ಮಲಗಿದ್ದ ತಳ್ಳುಗಾಡಿಯನ್ನು ನೂಕಿಕೊಂಡು ಬರುತ್ತಿದ್ದಳು. ಅದರ ತಾಯಿ ಐಸ್‌ಕ್ರೀಮ್ ಹಿಡಿದುಕೊಂಡು ಹಿಂದೆ ಓಡಿ ಬರುತ್ತಿದ್ದಳು.

೪. ಪ್ಲಗ್

ಹಳದಿ ದೀಪ ಬಂತು. ಚಾರ್ಜರ್ ತಂದಿದ್ದೆ, ಪ್ಲಗ್ ಬೇಕಿತ್ತು. ಒಳಗೊಂದು ಉಡುಪಿ ಹೋಟೆಲಿತ್ತು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮ್ಯಾನೇಜರು ಕನ್ನಡ ಕೇಳಿ ಎದ್ದೇ ಬಂದರು.

"ಪ್ಲಗ್ಗಾ? ಎಲ್ಲಿಂದ ಕೊಡುವುದು ಮಾರಾಯ್ರೆ. ಗ್ರೈಂಡರ್ ತೆಗೆದರೆ ದೋಸೆ ಇಲ್ಲ, ಫ್ರಿಜ್ ತೆಗೆದರೆ ಹಾಲು ಇಲ್ಲ. ಒಂದು ಚಾ ಕುಡೀರಿ."

"ಚಾ ನನಗೆ ಆಯಿತು. ಇದಕ್ಕೆ?"

ಅವರು ಹಿಡಿಕೆಯ ಹಳದಿ ಪಟ್ಟಿ ನೋಡಿದರು. ಏನಾಯಿತೆಂದು ಹೇಳಿದೆ. ಅವರು ನಗಲಿಲ್ಲ. ಇಷ್ಟು ವರ್ಷ ಹೋಟೆಲ್ ನಡೆಸಿದವರು, ಯೋಚನೆ ಮಾಡಿದರು. "ಹಾಗಾದರೆ ಅಲ್ಲಿ ಶಿಶುಗಳ ಕೋಣೆ ಉಂಟು ನೋಡಿ. ಹಾಲು ಕುಡಿಸಲಿಕ್ಕೆ, ಮಲಗಿಸಲಿಕ್ಕೆ. ಒಳಗೆ ಪ್ಲಗ್ ಉಂಟು. ಪಟ್ಟಿ ಇದ್ದ ಮಕ್ಕಳನ್ನು ಬಿಡಲೇಬೇಕು."

ಶಿಶುಗಳ ಕೋಣೆ ನೋಡಿಕೊಳ್ಳುವ ಹೆಂಗಸು ಪಟ್ಟಿ ನೋಡಿದಳು, ಸ್ಕೂಟರ್ ನೋಡಿದಳು, ಒಪ್ಪಿದಳು. ಆದರೆ ಗಂಡಸರಿಗೆ ಪ್ರವೇಶವಿಲ್ಲ. ನನ್ನನ್ನು ಇಳಿಸಿ ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದರು. ಸ್ಕೂಟರ್ ಅಕ್ಕನ ಜೊತೆ ಏಸಿಯೊಳಗೆ ಹೋಯಿತು. ನಾನು ಬಿಸಿಲಲ್ಲಿ ಕಾದೆ. ಚಾರ್ಜ್ ಆಗಲಿ, ಎಷ್ಟು ಹೊತ್ತಾದರೂ ಆಗಲಿ ಎಂದು ಹಲ್ಲು ಕಚ್ಚಿ ಕೂತೆ. ಬೆವರು ಕಣ್ಣಿಗಿಳಿಯಿತು.

ಬಹಳ ಹೊತ್ತಿನ ಮೇಲೆ ಅಕ್ಕ ಸ್ಕೂಟರ್ ತಂದಳು. ಕೂತು ಕೀಲಿ ತಿರುಗಿಸಿದೆ. ಅದೇ ಹಳದಿ, ಅದೇ ದೀಪ.

"ಚಾರ್ಜ್ ಆಗೇ ಇಲ್ಲಲ್ಲ ಯಕ್ಕಾ."

"ಒಂದ ಕೂಸು ಆಗಷ್ಟ ಮಲಗಿತ್ತೋ ತಮ್ಮಾ. ನಿನ್ನ ಚಾರ್ಜರ್ ಗುಂಯ್ ಅನ್ನಾಕತ್ತಿತ್ತು. ಆರಿಸಿಬಿಟ್ಟೆ."

೫. ಚಕ್ರ

ಏರು ಶುರುವಾದಾಗ ಹಳದಿ ಹೋಗಿ ಕೆಂಪು ಬಂತು. ಆಮೆಗಿಂತಲೂ ನಿಧಾನವಾಗಿ ಹತ್ತಿದೆ. ಮೈ ಮುಂದಕ್ಕೆ ಬಾಗಿಸಿದರೆ ಬ್ಯಾಟರಿ ಉಳಿಯುತ್ತದೆಯೇನೋ ಎಂಬಂತೆ ಬಾಗಿದೆ. ಮಂಡಳಿಯವರು ಮಾತು ನಿಲ್ಲಿಸಿ ಪಕ್ಕದಲ್ಲಿ ಹೆಣದ ಹಿಂದೆ ಬರುವವರ ಹಾಗೆ ಬಂದರು. ಚಕ್ರದ ಬುಡ ಮುಟ್ಟಿತು, ಸ್ಕೂಟರ್ ಕುಂಯ್ ಎಂದು ನಿಂತಿತು. ಎಲ್ಲ ದೀಪವೂ ಆರಿತು. ನಾನು ಅಂಗೈಯಿಂದ ದೀಪಗಳನ್ನು ಮುಚ್ಚಿದೆ.

"ಬಂತ ನೋಡು. ಹತ್ತು," ಎಂದೆ.

ಅಕ್ಕ ಕೇಳಿದಳು: "ಬ್ಯಾಟರಿ ಐತೇನು?"

"ಬೇಕಾದಷ್ಟ ಐತಿ. ನಾನೇ ನಿಲ್ಲಿಸೀನಿ."

ಅವಳಿಗೆ ನಂಬಿಕೆ ಬರಲಿಲ್ಲ. ಆದರೆ ಅಧ್ಯಕ್ಷೆ ಅವಳ ರಟ್ಟೆ ಹಿಡಿದು ಎಳೆದೊಯ್ದು ಪೆಟ್ಟಿಗೆಯಲ್ಲಿ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ಚಕ್ರ ನಡೆಸುವವನು ಸರಳು ಹಾಕಿದ. ಚಕ್ರ ತಿರುಗಿತು. ಅಕ್ಕ ಮೇಲೆ ಹೋದಳು. ಯಾವಾಗಲೂ ನನ್ನ ಬೆನ್ನ ಹಿಂದೆ ಇರುತ್ತಿದ್ದವಳನ್ನು ಜೀವಮಾನದಲ್ಲಿ ಮೊದಲ ಸಲ ಅಷ್ಟು ಎತ್ತರದಲ್ಲಿ ಕತ್ತು ಎತ್ತಿ ನೋಡಿದೆ.

ನಾನು ನಿಂತ ಜಾಗ ಮಾತ್ರ ಸರಿಯಿರಲಿಲ್ಲ. ಚಕ್ರದಿಂದ ಇಳಿದು ಹೊರಬರುವ ಕಿರಿದಾದ ಗೇಟಿಗೆ ನೇರ ಅಡ್ಡ ನಿಂತಿದ್ದೆ. ಮುಂದಿನ ಸುತ್ತಿಗೆ ಜನ ಇಳಿಸಬೇಕಾದ ಚಕ್ರದವನು ಕೂಗಿದ: "ಅಂಕಲ್, ಗಾಡಿ ಸೈಡಿಗೆ."

"ಬ್ಯಾಟರಿ ಮುಗಿದಿದೆ."

ಗೇಟು ತೆರೆಯದೆ ಜನ ಇಳಿಯುವಂತಿಲ್ಲ, ಜನ ಇಳಿಯದೆ ಚಕ್ರ ನಿಲ್ಲಿಸುವಂತಿಲ್ಲ. ಅವನು ಚಕ್ರ ತಿರುಗಲು ಬಿಟ್ಟು ಇಬ್ಬರು ಸೆಕ್ಯುರಿಟಿಯವರನ್ನು ಕರೆದ. ಅವರು ನನ್ನನ್ನು ಒಂದು ಮಾತೂ ಕೇಳದೆ ನೂಕಲು ಶುರು ಮಾಡಿದರು. ಈ ಸ್ಕೂಟರಿನ ಗುಣ ಏನೆಂದರೆ, ಕರೆಂಟು ಹೋದ ಕೂಡಲೇ ಗಾಲಿಗೆ ತಾನೇ ಬ್ರೇಕು ಬೀಳುತ್ತದೆ. ಸೀಟಿನ ಹಿಂದೆ ಕೆಳಗೊಂದು ಕೆಂಪು ಹಿಡಿ ಇದೆ, ಅದನ್ನು ಒತ್ತಿದರೆ ಮಾತ್ರ ಬಿಡುತ್ತದೆ. ನನಗೆ ಗೊತ್ತಿತ್ತು. ಕೇಳಿದ್ದರೆ ಹೇಳುತ್ತಿದ್ದೆ. ಹೇಳುವ ಅವಸರವೂ ನನಗಿರಲಿಲ್ಲ, ಅವರು ಒಂದು ಸಲ ಏದುಸಿರು ಬಿಟ್ಟರೆ ಅಕ್ಕನಿಗೆ ಇನ್ನೊಂದು ಸುತ್ತು. ಕೈ ಕಟ್ಟಿ ಕೂತೆ.

ಅಕ್ಕ ಕೆಳಗೆ ಬಂದಾಗ ನನ್ನ ಅವಸ್ಥೆ ನೋಡಿದಳು. ಪೆಟ್ಟಿಗೆಯಿಂದ ಬಗ್ಗಿ ಕೂಗಿದಳು: "ಹಂಗ ನೂಕಬ್ಯಾಡ್ರಿ, ಸೀಟಿನ ಹಿಂದ..." ಮೇಲೆ ಹೋದಳು. ಮುಂದಿನ ಸುತ್ತಿನಲ್ಲಿ: "...ಕೆಳಗ ಬಗ್ಗಿ ನೋಡ್ರಿ, ಅಲ್ಲೆ ಒಂದ..." ಮತ್ತೆ ಮೇಲೆ.

ಕನ್ನಡ ಬಾರದ ಚಕ್ರದವನು ನನ್ನನ್ನು ಕೇಳಿದ: "ಆಂಟಿ ಏನು ಹೇಳ್ತಿದಾರೆ?"

"ತುಂಬಾ ಚೆನ್ನಾಗಿದೆಯಂತೆ. ಇನ್ನೂ ನಾಲ್ಕು ಸುತ್ತು ಬೇಕಂತೆ."

ಅಕ್ಕ ಸುಮ್ಮನೆ ಬಿಡುವವಳಲ್ಲ. ಮುಂದಿನ ಸುತ್ತಿನಲ್ಲಿ ತರಕಾರಿ ಮಾರ್ಕೆಟ್ಟಿನಲ್ಲಿ ಕಲಿತ ತನ್ನ ಹಿಂದಿಯನ್ನು ಹೊರತೆಗೆದಳು. "ಏ ಭೈಯಾ, ಲಾಲ್ ವಾಲಾ..." ಮೇಲಿಂದಲೂ ಕೇಳಿಸಿತು: "...ನೀಚೆ ದಬಾವ್."

ಒಬ್ಬನು ಬಗ್ಗಿ ಕೆಂಪು ಹಿಡಿ ಒತ್ತಿದ. ಇನ್ನೊಬ್ಬನು ಮೈಯ ಬಲವೆಲ್ಲ ಹಾಕಿ ನೂಕುತ್ತಲೇ ಇದ್ದ. ಸ್ಕೂಟರ್ ಹಾರಿತು. ಹೂಕುಂಡಗಳ ಸಾಲು ಇಲ್ಲದಿದ್ದರೆ ನಾನು ಬ್ಯಾಟರಿ ಇಲ್ಲದೆಯೇ ಇಳುಕಲು ಇಳಿದು ಧಾರಾವಿ ಸೇರುತ್ತಿದ್ದೆ.

ಚಕ್ರ ನಿಂತಿತು. ಅಧ್ಯಕ್ಷೆ ಬಾಯಿಗೆ ಸೆರಗು ಒತ್ತಿಕೊಂಡು ಕಟ್ಟೆಯ ಮೇಲೆ ಕೂತರು. ಅಕ್ಕ ನೆಟ್ಟಗೆ ನನ್ನ ಹತ್ತಿರ ಬಂದು, ಹೂಕುಂಡದ ಮಣ್ಣು ಕೊಡವಿ, ಸೀಟು ಹಿಡಿದು ನೂಕತೊಡಗಿದಳು. ನಾನು ಬೇಡ ಎನ್ನುವಂತಿರಲಿಲ್ಲ. ಇಳುಕಲು ಮುಗಿದ ಮೇಲೆ ನಾನೇ ಕೇಳಿದೆ.

"ಯಕ್ಕಾ, ಅಷ್ಟ ಸುತ್ತ ಮ್ಯಾಲ ಹೋದಿ. ಏನ ಕಾಣಿಸ್ತು? ಸಮುದ್ರದ ಖಾಡಿ ಕಾಣಿಸ್ತೇನು? ಗುಡ್ಡದ ಆಚಿ ಕಡಿ ಕಾಣಿಸ್ತೇನು?"

ಅವಳು ಪ್ರಾಮಾಣಿಕಳು. ಯೋಚಿಸಿ ಹೇಳಿದಳು.

"ನಿನ್ನ ನೆತ್ತಿ ಕಾಣಿಸ್ತು. ನಡುವ ಕೂದಲಾ ಪೂರಾ ಹೋಗ್ಯಾವೋ ತಮ್ಮಾ, ಬಿಸಲಿಗೆ ಕೆಂಪಗಾಗೇತಿ. ನಾಳಿಂದ ಎಣ್ಣಿ ಹಚ್ಚತೀನಿ."